ವರ್ಧಕವೂ ಕಟ್ಟಳೆಯೂ: ಡಾ॥ ಕೆಂಟಾರೋ ಟೊಯಾಮಾ ಅವರ ಯಂತ್ರವಿಚಾರದ ವಿಮರ್ಶೆ

ಬಡಜನರ ಏಳಿಗೆಯಲ್ಲಿ ಗಣಕಯಂತ್ರಕ್ಕೆ ಎಷ್ಟು ಸ್ಥಾನ ಸಲ್ಲುತ್ತದೆ ಎಂಬ ವಿಷಯವಾಗಿ ಈಚಿನ ಎರಡು ದಶಕಗಳಲ್ಲಿ ವಿಪುಲವಾದ ಬರವಣಿಗೆ ಬೆಳೆದಿದೆ. ಅದರಲ್ಲಿ ಬಹುಭಾಗ ಆಶ್ವಾಸನೆಗಳದು. ಒರೆಗೆ ನಿಲ್ಲುವಂಥದು ಸ್ವಲ್ಪ. ಆ ಸ್ವಲ್ಪದಲ್ಲಿ ಡಾ॥ ಕೆಂಟಾರೋ ಟೊಯಾಮಾ ಅವರ ಬರಹಗಳು ಮುಖ್ಯವಾದುವು. ಹಾರ್ವರ್ಡಿನಲ್ಲಿ ಭೌತಶಾಸ್ತ್ರವನ್ನೂ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಗಣಕಶಾಸ್ತ್ರವನ್ನೂ ಅಭ್ಯಾಸಮಾಡಿದ ಈ ವಿದ್ವಾಂಸರು ಘಾನಾ ದೇಶದ ಅಶೇಸಿ ವಿದ್ಯಾಸಂಸ್ಥೆಯಲ್ಲಿ ಕೆಲಕಾಲ ಗಣಿತವನ್ನು ಬೋಧಿಸಿದರು. ಅನಂತರ 2005ರಲ್ಲಿ ಪಿ. ಆನಂದನ್ ಅವರೊಡನೆ ಬೆಂಗಳೂರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಸಂಶೋಧನಾಲಯವನ್ನು ಸ್ಥಾಪಿಸಿದರು. ಅಲ್ಲಿ ಅವರ ತಂಡ ನಡೆಸಿದ ಪ್ರಯೋಗಗಳೂ, ಆ ಅನುಭವದಿಂದ ಹುಟ್ಟಿ 2015ರಲ್ಲಿ ಪ್ರಕಟವಾದ ‘ಗೀಕ್ ಹೆರಿಸಿ’ ಎಂಬ ಗ್ರಂಥವೂ ಈ ಲೇಖನದ ವಿಷಯ. ಗ್ರಂಥದ ಹೆಸರನ್ನು ‘ಯಂತ್ರಭಕ್ತನ ಪಾಷಂಡವಾದ’ ಎಂದು ಕನ್ನಡಿಸಿದರೆ ಅದರ ಧಾಟಿ ವಾಚಕರಿಗೆ ತಿಳಿದೀತು. ಯಂತ್ರವನ್ನು ಆರಾಧಿಸುವವರ ಮಠದಲ್ಲಿಯೇ ಬೆಳೆದವರೊಬ್ಬರು ಆ ಮಠದ ಮುಖ್ಯ ನಂಬಿಕೆಯನ್ನು ನಿರಾಕರಿಸಿ ಬರೆದ ಪುಸ್ತಕವಿದು.

ಗಣಕಶಾಸ್ತ್ರಜ್ಞರೊಬ್ಬರ ಕೃತಿಯನ್ನು ಇತಿಹಾಸದ ಅಧ್ಯಾಪಕರು ವಿಮರ್ಶಿಸುವುದು ಉಚಿತವೇ ಎಂದು ಕೇಳುವವರುಂಟು. ಡಾ॥ ಟೊಯಾಮಾ ಅವರು ಎತ್ತಿರುವ ಪ್ರಶ್ನೆ ಯಂತ್ರರಚನೆಯದಾಗಿದ್ದರೆ ನಾವು ಸುಮ್ಮನಿರಬಹುದಾಗಿತ್ತು. ಅವರು ಕೇಳುತ್ತಿರುವುದು ಸಮಾಜದಲ್ಲಿ ಬದಲಾವಣೆಯಾದಾಗ ಅದಕ್ಕೆ ಕಾರಣ ಯಂತ್ರವೋ ಮನುಷ್ಯನೋ ಎಂದು. ನೇಗಿಲು, ಲಾಳ, ಅಚ್ಚುಮೊಳೆ, ಉಗಿಬಂಡಿಗಳ ವಿಷಯದಲ್ಲಿ ಇತಿಹಾಸಕಾರರು ಬಹುಕಾಲದಿಂದ ಚರ್ಚಿಸುತ್ತ ಬಂದಿರುವ ಪ್ರಶ್ನೆಯೇ ಇದು.

ಅವರ ಸಿದ್ಧಾಂತವನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. ಯಂತ್ರ ತಾನಾಗಿ ಒಳಿತನ್ನಾಗಲಿ ಕೆಡುಕನ್ನಾಗಲಿ ಹುಟ್ಟಿಸುವುದಿಲ್ಲ. ಆಗಲೇ ಇರುವ ಮಾನವ ಶಕ್ತಿಗಳನ್ನು ಹಿಗ್ಗಿಸುತ್ತದೆ. ಉಪಾಧ್ಯಾಯರು ಸಮರ್ಥರಾಗಿ ಆಡಳಿತ ನೆಟ್ಟಗಿರುವ ಶಾಲೆಗೆ ಗಣಕಯಂತ್ರ ಬಂದರೆ ಪಾಠ ಇನ್ನಷ್ಟು ಸೊಗಸಾಗುತ್ತದೆ. ಉಪಾಧ್ಯಾಯರೇ ಬಾರದ ಶಾಲೆಗೆ ಬಂದರೆ ಅದು ಬೀರುವಿನಲ್ಲಿ ಬೀಗಮುದ್ರೆಯೊಳಗೆ ಕೂರುತ್ತದೆ. ಇದಕ್ಕೆ ಅವರು ‘ವರ್ಧನ ನಿಯಮ’ ಎಂಬರ್ಥದ ಹೆಸರಿಟ್ಟಿದ್ದಾರೆ. ಇಂಥದೊಂದು ವಿಚಾರವನ್ನು ರಾಜಕೀಯ ಕ್ಷೇತ್ರಕ್ಕೆ ಅನ್ವಯಿಸಿ 2002ರಲ್ಲಿಯೇ ಫಿಲಿಪ್ ಆಗ್ರೆ ಎಂಬ ವಿದ್ವಾಂಸರು ಬರೆದಿದ್ದರು. ಅದನ್ನು ಬಡದೇಶಗಳ ಅಭಿವೃದ್ಧಿಯ ಪ್ರಶ್ನೆಗೆ ವಿಸ್ತರಿಸಿದುದು ಡಾ॥ ಟೊಯಾಮಾ ಅವರ ಕೆಲಸ. ಎಲ್ಲರಿಗೂ ಯಂತ್ರ ಹಂಚಿದರೆ ಬಡವ-ಬಲ್ಲಿದರ ಅಂತರ ಕಡಿಮೆಯಾದೀತೆಂಬ ಮಾತನ್ನು ಅವರು ಒಪ್ಪುವುದಿಲ್ಲ. ಯಂತ್ರವನ್ನು ಪಡೆಯುವ ಅನುಕೂಲ, ಬಳಸುವ ಸಾಮರ್ಥ್ಯ, ಬಳಸಬೇಕೆಂಬ ಪ್ರೇರಣೆ ಈ ಮೂರರಲ್ಲಿಯೂ ಜನ ಮೊದಲೇ ಅಸಮಾನರಾಗಿರುವುದರಿಂದ ಅಂತರ ಹೆಚ್ಚುವ ಸಂಭವವೇ ಬಹಳ ಎಂಬುದು ಅವರ ವಾದ.

ಈ ವಾದಕ್ಕೆ ಆಧಾರಗಳು ದುರ್ಬಲವಾಗಿಲ್ಲ. ನಿಕೊಲಸ್ ನೆಗ್ರೊಪಾಂಟೆ ಅವರು 2005ರಲ್ಲಿ ನೂರು ಡಾಲರಿನ ಮಡಿಲಗಣಕವನ್ನು ಮಗುವಿಗೊಂದರಂತೆ ಕೊಡುವುದಾಗಿ ಸಾರಿದರು. ಪೆರು ದೇಶದಲ್ಲಿ ಈ ಯೋಜನೆ ಬಹು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಅಲ್ಲಿನ 319 ಶಾಲೆಗಳನ್ನು ಪರೀಕ್ಷಿಸಿ ಅಮೆರಿಕ ಖಂಡಗಳ ಅಭಿವೃದ್ಧಿ ಬ್ಯಾಂಕಿನವರು 2012ರಲ್ಲಿ ಪ್ರಕಟಿಸಿದ ವರದಿಯಂತೆ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಕಲಿಕೆ ಹೆಚ್ಚಿದ ಗುರುತು ಕಾಣಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, ಚಲಚ್ಚಿತ್ರ, ರೇಡಿಯೋ, ದೂರದರ್ಶನ ಒಂದೊಂದು ಬಂದಾಗಲೂ ಶಾಲೆಯ ರೂಪವೇ ಬದಲಾಗುವುದೆಂದು ಜನ ನಂಬಿದ್ದರು. ನಮ್ಮ ದೇಶದ ಉದಾಹರಣೆಯೂ ಉಂಟು. 1975ರ ಆಗಸ್ಟಿನಿಂದ ಒಂದು ವರ್ಷಕಾಲ, ಅಮೆರಿಕದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳಿಸಲಾಯಿತು. ಅವುಗಳಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದುವು. ವರ್ಷ ಮುಗಿಯಿತು, ಉಪಗ್ರಹ ಹಿಂದಕ್ಕೆ ಹೋಯಿತು. ಹಳ್ಳಿಯ ಶಾಲೆಯ ಕಷ್ಟಗಳು ಅಲ್ಲೇ ಉಳಿದುವು. ಇಷ್ಟರಮಟ್ಟಿಗೆ ಡಾ॥ ಟೊಯಾಮಾ ಅವರ ಮಾತು ಒಪ್ಪತಕ್ಕದ್ದೇ. ಯಂತ್ರವನ್ನು ಕೊಂಡು ತಂದು ಇಳಿಸಿದ ಕೂಡಲೆ ಕರ್ತವ್ಯ ಮುಗಿಯಿತೆಂದು ತಿಳಿಯುವ ಆಡಳಿತಗಾರರು ಈ ಪುಸ್ತಕವನ್ನು ಅವಶ್ಯವಾಗಿ ಓದಬೇಕು.

ನಮ್ಮ ಆಕ್ಷೇಪಣೆ ಹುಟ್ಟುವುದು ಅವರ ಪುಸ್ತಕವನ್ನು ಅವರದೇ ಸಂಶೋಧನ ಪ್ರಬಂಧಗಳ ಪಕ್ಕದಲ್ಲಿಟ್ಟು ಓದಿದಾಗ.

ನಮ್ಮ ಗ್ರಾಮಾಂತರ ಶಾಲೆಗಳಲ್ಲಿ ಒಂದು ಗಣಕಯಂತ್ರದ ಮುಂದೆ ಐದಾರು ಮಕ್ಕಳು ಕೂರುವುದು ಸಾಮಾನ್ಯ. ಆಗ ಕೈಯಲ್ಲಿ ಮೌಸ್ ಹಿಡಿದವನೊಬ್ಬನೇ ಕಲಿಯುವವನು, ಉಳಿದವರು ಪ್ರೇಕ್ಷಕರು. ಆ ಮೌಸ್ ಯಾರ ಕೈಗೆ ಹೋಗುತ್ತದೆಂಬುದು ಹಳ್ಳಿಯನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ಬೆಂಗಳೂರಿನ ಸಂಶೋಧನಾಲಯದ ಉದಯ್ ಸಿಂಗ್ ಪವಾರ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಮಾಡಿದರು: ಒಂದೇ ಯಂತ್ರಕ್ಕೆ ಹಲವು ಮೌಸ್‌ಗಳನ್ನು ಜೋಡಿಸಿ, ಪರದೆಯ ಮೇಲೆ ಪ್ರತಿ ಮಗುವಿಗೂ ಪ್ರತ್ಯೇಕವಾದ ಬಾಣದ ಗುರುತು ಓಡಾಡುವಂತೆ ಮಾಡಿದರು. ಅಗ್ಗದ ಉಪಾಯ, ಆದರೆ ಬಹಳ ಜಾಣತನದ್ದು. 2007ರಲ್ಲಿ ಪವಾರ್, ಜೋಯೋಜೀತ್ ಪಾಲ್, ರಾಹುಲ್ ಗುಪ್ತಾ ಮತ್ತು ಟೊಯಾಮಾ ನಾಲ್ವರೂ ಸೇರಿ ಇದರ ಫಲವನ್ನು ಪ್ರಕಟಿಸಿದರು. ಬಡ ಕುಟುಂಬಗಳ 238 ಗ್ರಾಮೀಣ ಮಕ್ಕಳಿಗೆ ಇಂಗ್ಲಿಷ್ ಶಬ್ದಗಳನ್ನು ಕಲಿಸುವ ಪರೀಕ್ಷೆ ಅದು. ಐವರು ಒಂದೇ ಯಂತ್ರವನ್ನು ಹಂಚಿಕೊಂಡರೂ, ಒಬ್ಬೊಬ್ಬರಿಗೆ ಒಂದೊಂದು ಯಂತ್ರವಿದ್ದಾಗ ಕಲಿತಷ್ಟೇ ಶಬ್ದಗಳನ್ನು ಒಟ್ಟಿನಮೇಲೆ ಕಲಿತರೆಂಬುದು ಮುಖ್ಯ ಫಲಿತಾಂಶ.

ನಮ್ಮ ವಾದಕ್ಕೆ ಬೇಕಾದುದು ಅದೇ ಪ್ರಬಂಧದ ಇನ್ನೊಂದು ಫಲಿತಾಂಶ. ಹಲವು ಮೌಸ್‌ಗಳ ಆಟವನ್ನು ಅವರು ಎರಡು ವಿಧವಾಗಿ ಏರ್ಪಡಿಸಿದ್ದರು. ಒಂದರಲ್ಲಿ ಯಾರು ಮೊದಲು ಸರಿಯುತ್ತರವನ್ನು ಒತ್ತುತ್ತಾರೋ ಅವರಿಂದಲೇ ಆಟ ಮುಂದಕ್ಕೆ ಸಾಗುತ್ತಿತ್ತು. ಅದು ಪಂದ್ಯದ ಕ್ರಮ. ಇನ್ನೊಂದರಲ್ಲಿ ಎಲ್ಲರೂ ಅದೇ ಉತ್ತರವನ್ನು ಒತ್ತುವವರೆಗೆ ಆಟ ನಿಲ್ಲುತ್ತಿತ್ತು. ಅದು ಒಮ್ಮತದ ಕ್ರಮ. ಹೆಣ್ಣುಮಕ್ಕಳು ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ ಸಮನಾಗಿ ಕಲಿತರು. ಗಂಡುಮಕ್ಕಳಾದರೋ ಪಂದ್ಯದ ಕ್ರಮದಲ್ಲಿ ಗೆಲ್ಲುವ ಆತುರದಿಂದ ಕಂಡಕಂಡಲ್ಲಿ ಒತ್ತುತ್ತ ಹೋದರು, ಕಲಿತದ್ದು ಕಡಿಮೆಯಾಯಿತು. ಒಮ್ಮತದ ಕ್ರಮದಲ್ಲಿ ಆ ದೋಷ ತಗ್ಗಿತು. ಯಂತ್ರರಚನೆಯ ಅಲ್ಪ ವ್ಯತ್ಯಾಸದಿಂದಲೂ ಕಲಿಕೆಯಲ್ಲಿ, ನಡವಳಿಕೆಯಲ್ಲಿ ಎದ್ದುಕಾಣುವ ವ್ಯತ್ಯಾಸ ಉಂಟಾಗಬಲ್ಲುದೆಂದು ಲೇಖಕರೇ ತೀರ್ಮಾನಿಸಿದ್ದಾರೆ.

ಈಗ ವರ್ಧನ ನಿಯಮವನ್ನು ಈ ಫಲಿತಾಂಶಕ್ಕೆ ಅನ್ವಯಿಸಿ ನೋಡೋಣ. ಮಕ್ಕಳು ಅದೇ ಬಗೆಯ ಮಕ್ಕಳು, ಹಳ್ಳಿಗಳು ಅವೇ, ಯಂತ್ರವೂ ಅದೇ. ಆ ಹುಡುಗರಲ್ಲಿ ಪೈಪೋಟಿಯ ಬುದ್ಧಿಯೂ ಇತ್ತು, ಕೂಡಿ ಕಲಿಯುವ ಬುದ್ಧಿಯೂ ಇತ್ತು. ಎರಡರಲ್ಲಿ ಯಾವುದು ಹಿಗ್ಗಬೇಕೆಂದು ನಿರ್ಧರಿಸಿದುದು ಆಟದ ಕಟ್ಟಳೆ. ಮನುಷ್ಯನೊಳಗಿನ ಶಕ್ತಿಗಳು ಪರಸ್ಪರ ವಿರುದ್ಧವಾಗಿರುವಾಗ ‘ಯಂತ್ರ ಮಾನವ ಶಕ್ತಿಯನ್ನು ವರ್ಧಿಸುತ್ತದೆ’ ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತಾಯಿತು. ಯಾವ ಶಕ್ತಿಯನ್ನು, ಯಾರ ಶಕ್ತಿಯನ್ನು, ಯಾವ ಕಟ್ಟಳೆಯ ಮೂಲಕ ಎಂಬುದೇ ಉಳಿದರ್ಧ. 2007ರ ಪ್ರಬಂಧ ಕಂಡುಕೊಂಡ ಆ ಉಳಿದರ್ಧವನ್ನು 2015ರ ಗ್ರಂಥ ಹಿಂದಕ್ಕೆ ಸರಿಸಿದೆ ಎಂಬುದು ನಮ್ಮ ಮುಖ್ಯ ಆಕ್ಷೇಪಣೆ.

ಕನ್ನಡದಲ್ಲಿ ಈ ಮಾತನ್ನು ವಿವರಿಸುವುದು ಸುಲಭ. ನಮ್ಮಲ್ಲಿ ವರ್ಧಕವೆಂದೊಡನೆ ನೆನಪಾಗುವುದು ಜಾತ್ರೆ ಸಭೆಗಳ ಧ್ವನಿವರ್ಧಕ. ಅದು ಇರುವ ದನಿಯನ್ನೇ ದೊಡ್ಡದು ಮಾಡುತ್ತದೆಂಬುದು ನಿಜ. ಆದರೆ ಊರಿನ ಭಜನೆಗೆ ಅದನ್ನು ತಂದಿಟ್ಟಾಗ ಏನಾಗುತ್ತದೆಂಬುದನ್ನು ಗಮನಿಸಿರಿ. ಮೈಕಿನ ಮುಂದೆ ನಿಂತ ಒಬ್ಬನ ದನಿ ಊರಾಚೆಗೂ ಕೇಳಿಸುತ್ತದೆ. ಹಿಂದೆ ನಿಂತು ಸೊಲ್ಲು ಹೇಳುವ ಹತ್ತು ಮಂದಿಯ ದನಿ ಅವರ ಪಕ್ಕದವರಿಗೂ ಕೇಳಿಸದು. ಮೈಕನ್ನು ಎಲ್ಲಿ ನಿಲ್ಲಿಸಿದರು, ಎಷ್ಟು ಮೈಕುಗಳನ್ನು ಇಟ್ಟರು ಎಂಬುದರಮೇಲೆ ಆ ಮೇಳದ ಸ್ವರೂಪವೇ ನಿಲ್ಲುತ್ತದೆ.

ಸಂಶೋಧನಾಲಯದ ಬೇರೆ ಪ್ರಯೋಗಗಳೂ ಇದನ್ನೇ ಹೇಳುತ್ತವೆ. ಇಂದ್ರಾಣಿ ಮೇಧಿ ಅವರು ಬೆಂಗಳೂರಿನ ಕೊಳೆಗೇರಿಗಳಲ್ಲಿ ಮನೆಗೆಲಸದ ಹೆಂಗಸರ ನಡುವೆ ಕೆಲಸಮಾಡಿ, ಅಕ್ಷರವಿಲ್ಲದೆ ಚಿತ್ರ ಮತ್ತು ಧ್ವನಿಗಳಿಂದಲೇ ನಡೆಯುವ, ಉದ್ಯೋಗ ಹುಡುಕುವ ಗಣಕಸಾಧನವನ್ನು ರಚಿಸಿದರು. ಟೊಯಾಮಾ ಅವರೂ ಸಹಲೇಖಕರಾದ ಅದರ ಪ್ರಬಂಧ 2006ರಲ್ಲಿ ಹೊರಬಂತು. ಒಂದು ವಸ್ತುವಿನ ಚಿತ್ರ ಬರೆದಮಾತ್ರಕ್ಕೆ ಅದು ಕೆಲಸವನ್ನು ಸೂಚಿಸಲಾರದು. ಕೆಲಸ ನಡೆಯುತ್ತಿರುವಂತೆ ಚಲನೆಯ ಗುರುತನ್ನು ಸೇರಿಸಿದಾಗ ಆ ಹೆಂಗಸರಿಗೆ ತಟ್ಟನೆ ಅರ್ಥವಾಗುತ್ತಿತ್ತು. ಈ ಸಾಧನದಿಂದ ತಮಗೇನು ಪ್ರಯೋಜನ ಎಂಬುದು ಅವರಿಗೆ ಸ್ಪಷ್ಟವಾದುದು, ಒಬ್ಬಾಕೆ ಅದನ್ನು ಬಳಸಿ ಕೆಲಸ ಹಿಡಿಯುವ ಕಿರುನಾಟಕವನ್ನು ಪರದೆಯಮೇಲೆ ತೋರಿಸಿದ ಬಳಿಕ. ‘ಸಾಮರ್ಥ್ಯವಿಲ್ಲ’ ಎಂದು ನಾವು ಹಣೆಪಟ್ಟಿ ಹಚ್ಚುವ ಎಷ್ಟೋ ಕಡೆ ಕೊರತೆಯಿರುವುದು ಬರೆದವನ ಚಿತ್ರದಲ್ಲಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕೊಲ್ಲಾಪುರ ಜಿಲ್ಲೆಯ ವಾರಣಾ ಸಕ್ಕರೆ ಸಹಕಾರ ಸಂಘದಲ್ಲಿ, 1998ರ ಸರ್ಕಾರಿ ಯೋಜನೆಯಿಂದ ಹಳ್ಳಿಗಳಿಗೆ ಬಂದಿದ್ದ ಗಣಕಯಂತ್ರಗಳ ಬದಲಿಗೆ ಮೊಬೈಲ್ ಫೋನಿನ ಕಿರುಸಂದೇಶಗಳನ್ನು ಏಳು ಹಳ್ಳಿಗಳಲ್ಲಿ ಎಂಟು ತಿಂಗಳು ಬಳಸಿನೋಡಿದರು. ಕಬ್ಬಿನ ತೂಕ, ಗೊಬ್ಬರದ ಲೆಕ್ಕ ಇತ್ಯಾದಿ ಬೇಕಾದ ಕೆಲಸವೆಲ್ಲ ಕಡಿಮೆ ಖರ್ಚಿನಲ್ಲಿ ನಡೆಯಿತು. ರೈತರಿಗೂ ಅದೇ ಹೆಚ್ಚು ಹಿಡಿಸಿತು.

ರಿಕಿನ್ ಗಾಂಧಿ ಅವರು ಬೆಳೆಸಿದ ‘ಡಿಜಿಟಲ್ ಗ್ರೀನ್’ ಇವೆಲ್ಲಕ್ಕಿಂತ ಹೆಸರಾದುದು. ಕರ್ನಾಟಕದ ಹಳ್ಳಿಗಳಲ್ಲಿ ಗ್ರೀನ್ ಫೌಂಡೇಷನ್ ಸಂಸ್ಥೆಯ ನೆರವಿನಿಂದ ಆರಂಭವಾದ ಈ ಪ್ರಯೋಗದಲ್ಲಿ ಸ್ಥಳೀಯ ರೈತರೇ ತಮ್ಮ ಹೊಲಗಳಲ್ಲಿ ಮಾಡಿ ತೋರಿಸುವ ಕೃಷಿಕ್ರಮಗಳನ್ನು ಚಿತ್ರೀಕರಿಸಿ ನೆರೆಯ ಹಳ್ಳಿಗಳಲ್ಲಿ ತೋರಿಸುತ್ತಿದ್ದರು. ಹದಿನಾರು ಹಳ್ಳಿಗಳಲ್ಲಿ ಹದಿಮೂರು ತಿಂಗಳು ನಡೆದ ಪರೀಕ್ಷೆಯಲ್ಲಿ, ಹಳೆಯ ಪದ್ಧತಿಯ ಕೃಷಿಪ್ರಚಾರಕ್ಕಿಂತ ಏಳರಷ್ಟು ಹೆಚ್ಚು ಮಂದಿ ಕೆಲವು ಹೊಸ ಕ್ರಮಗಳನ್ನು ಕೈಕೊಂಡರೆಂದೂ, ಖರ್ಚಿನ ಲೆಕ್ಕದಲ್ಲಿ ಫಲ ಹತ್ತರಷ್ಟೆಂದೂ ವರದಿಯಾಗಿದೆ. ಚಿತ್ರ ನೋಡಿದ ರೈತರು ಮೊದಲು ಕೇಳುತ್ತಿದ್ದುದು, ಆ ರೈತನ ಹೆಸರೇನು, ಊರು ಯಾವುದು ಎಂದಂತೆ. ಡಾ॥ ಟೊಯಾಮಾ ಅವರು ಇದನ್ನು ತಮ್ಮ ನಿಯಮಕ್ಕೆ ಪೋಷಕವೆಂದು ತಿಳಿಯುತ್ತಾರೆ: ಒಳ್ಳೆಯ ಸಂಸ್ಥೆಯಿತ್ತು, ಯಂತ್ರ ಅದನ್ನು ಹಿಗ್ಗಿಸಿತು. ಸರಿಯೇ. ಆದರೆ ಅದೇ ಸಂಸ್ಥೆ ಅದೇ ಕ್ಯಾಮೆರಾದಿಂದ ಬೆಂಗಳೂರಿನ ಕೃಷಿತಜ್ಞರ ಉಪನ್ಯಾಸವನ್ನು ಚಿತ್ರೀಕರಿಸಿ ತೋರಿಸಿದ್ದರೆ? ಪರದೆಯಮೇಲೆ ಯಾರು ಕಾಣಿಸಿಕೊಳ್ಳಬೇಕೆಂಬ ಕಟ್ಟಳೆಯಲ್ಲಿ ಈ ಯಶಸ್ಸಿನ ದೊಡ್ಡ ಪಾಲು ಅಡಗಿದೆ.

ಇಷ್ಟಕ್ಕೆ ಅವರು ಒಂದು ಉತ್ತರ ಕೊಡಬಹುದು: ಆ ಕಟ್ಟಳೆಯನ್ನು ಮಾಡುವವರೂ ಮನುಷ್ಯರೇ, ಆದುದರಿಂದ ಅದೂ ಮಾನವ ಶಕ್ತಿಯೇ ಎಂದು. ಹಾಗೆಂದರೆ ಯಂತ್ರದ ರಚನೆ, ಬಳಕೆ, ಆಡಳಿತ ಎಲ್ಲವೂ ಮಾನವ ಶಕ್ತಿಯಲ್ಲಿ ಸೇರಿಹೋಗಿ, ಅದು ವರ್ಧಿಸುವುದೆನ್ನಲಾದ ಯಂತ್ರವೇ ಉಳಿಯುವುದಿಲ್ಲ. ಯಾವ ಫಲಿತಾಂಶ ಬಂದರೂ ನಿಯಮ ನಿಜವೆನಿಸುವುದು. ಇತಿಹಾಸಕಾರನಿಗೆ ಅಂಥ ನಿಯಮದಿಂದ ಪ್ರಯೋಜನವಿಲ್ಲ.

ಪರೀಕ್ಷೆಗೆ ನಮ್ಮ ನಾಡಿನದೇ ಒಂದು ಪ್ರಸಂಗವಿದೆ. ಟೊಯಾಮಾ ಅವರು ಬೆಂಗಳೂರಿಗೆ ಬರುವ ಕೆಲವು ವರ್ಷಗಳ ಮುಂಚೆ ಕರ್ನಾಟಕ ಸರ್ಕಾರದ ಕಂದಾಯ ಇಲಾಖೆ ‘ಭೂಮಿ’ ಎಂಬ ಯೋಜನೆಯನ್ನು ಜಾರಿಗೆ ತಂದಿತ್ತು. ಸುಮಾರು 67 ಲಕ್ಷ ರೈತರಿಗೆ ಸೇರಿದ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪ್ರತಿಯನ್ನು ಕೊಡುವ ಏರ್ಪಾಡು ಅದು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಇದರ ಮಹತ್ತ್ವ ತಿಳಿಯಬೇಕಾದರೆ ಹಿಂದಿನ ದಾಖಲೆಯ ಸಾಧನವನ್ನು ನೆನೆಯಬೇಕು. ಶಾನುಭೋಗರ ಕಾಲದಲ್ಲಿ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅಳಿಸಿ ಬರೆಯಬಹುದಾದ ದಾಖಲೆ, ಅದನ್ನು ಓದಬಲ್ಲವನು ಊರಿಗೊಬ್ಬ. ಶಾನುಭೋಗನ ಅಧಿಕಾರಕ್ಕೆ ಇವೆರಡೂ ಬೇರು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಆದರೂ ದಾಖಲೆಯ ಪುಸ್ತಕ ಅವರ ಕೈಯಲ್ಲಿಯೇ ಉಳಿಯಿತು. ಪಹಣಿಯ ಒಂದು ಪ್ರತಿಗಾಗಿ ರೈತ ಅವರ ಮನೆಯ ಬಾಗಿಲು ಕಾಯಬೇಕಾಗಿತ್ತು.

‘ಭೂಮಿ’ ಈ ಪುಸ್ತಕವನ್ನು ಅವರ ಕೈಯಿಂದ ತೆಗೆಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಚಾರಿಸಬೇಕೆಂಬ ಕಟ್ಟಳೆಯನ್ನು ಯಂತ್ರದೊಳಗೇ ಅಳವಡಿಸಿದರು. ಬೆರಳಚ್ಚು ಒತ್ತದೆ ಯಾವ ಅಧಿಕಾರಿಯೂ ದಾಖಲೆಯನ್ನು ತಿದ್ದುವಂತಿರಲಿಲ್ಲ. ಶಿಫಾರಸಿಲ್ಲದ ಸಣ್ಣ ರೈತನಿಗೆ ಸರದಿಯ ಕಟ್ಟಳೆ ಸಾಮಾನ್ಯವಾದ ಉಪಕಾರವಲ್ಲ. ಅದೇ ವೇಳೆ ದಾಖಲೆ ಹಳ್ಳಿಯಿಂದ ತಾಲ್ಲೂಕಿಗೆ ಸರಿದುದರಿಂದ ಬೇರೊಂದು ಪರಿಣಾಮವೂ ಆಯಿತು. ಯಾವ ಜಮೀನು ಯಾರ ಹೆಸರಿನಲ್ಲಿದೆ, ಅದರಮೇಲೆ ಸಾಲವೆಷ್ಟು ಎಂಬುದು ದೂರದ ಖರೀದಿದಾರನಿಗೂ ನಿಲುಕುವಂತಾಯಿತು. ಬಾಯಿಮಾತಿನ ಗೇಣಿ, ಅಣ್ಣತಮ್ಮಂದಿರ ಒಳಹಂಚಿಕೆ ಮುಂತಾಗಿ ಊರಿನವರಿಗೆ ಗೊತ್ತಿದ್ದು ನಮೂನೆಯ ಅಂಕಣಗಳಲ್ಲಿ ಸೇರದ ಹಕ್ಕುಗಳಿಗೆ ನೆಲೆ ತಪ್ಪಿತು. ಸಾಲೊಮನ್ ಬೆಂಜಮಿನ್ ಮತ್ತು ಸಹಚರರು 2007ರಲ್ಲಿ ಬರೆದ ವರದಿಯಲ್ಲಿ, ಬೆಂಗಳೂರಿನ ಸುತ್ತಮುತ್ತ ಈ ಯೋಜನೆ ದೊಡ್ಡ ಭೂವ್ಯಾಪಾರಿಗಳಿಗೆ ಅನುಕೂಲವಾಯಿತೆಂದೂ, ಲಂಚ ತಗ್ಗುವುದಿರಲಿ ಮೇಲಿನ ಹಂತಕ್ಕೆ ಸರಿದು ಹೆಚ್ಚಿತೆಂದೂ ವಾದಿಸಿದ್ದಾರೆ. ಅವರ ತೀರ್ಮಾನಗಳೆಲ್ಲವನ್ನೂ ಒಪ್ಪಬೇಕಾದ ಅವಶ್ಯಕತೆಯಿಲ್ಲ. ನಗರದಿಂದ ದೂರದ ತಾಲ್ಲೂಕುಗಳ ಅನುಭವ ಬೇರೆಯಾಗಿರಬಹುದು. ಒಂದೇ ಯಂತ್ರ, ಒಂದೇ ಇಲಾಖೆ, ಅದೇ ವರ್ಷಗಳು. ಸರದಿಯ ಕಟ್ಟಳೆ ಬಡವನನ್ನು ಎತ್ತಿಹಿಡಿಯಿತು, ಅಂಕಣದ ಕಟ್ಟಳೆ ಇನ್ನೊಬ್ಬ ಬಡವನ ಹೆಸರನ್ನು ಹೊರಗಿಟ್ಟಿತು. ಸರ್ಕಾರದ ಸಂಕಲ್ಪ ವರ್ಧಿಸಿತು ಎಂದು ಹೇಳಿ ಮುಗಿಸಿದರೆ ಈ ಎರಡನ್ನೂ ಬಿಡಿಸಿ ನೋಡುವ ದಾರಿ ಮುಚ್ಚಿಹೋಗುತ್ತದೆ. ಗೇಣಿದಾರನಿಗೆ ಜಮೀನು ಉಳಿಯಿತೇ ಹೋಯಿತೇ ಎಂಬುದು ಆ ಬಿಡಿಸಿ ನೋಡುವಿಕೆಯಲ್ಲಿದೆ.

ಗ್ರಂಥದ ಉತ್ತರಾರ್ಧವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಯಂತ್ರಕ್ಕೆ ಬದಲು ಮನುಷ್ಯನನ್ನು ಬೆಳೆಸಬೇಕು, ಹೃದಯ, ಬುದ್ಧಿ, ಸಂಕಲ್ಪ ಈ ಮೂರೂ ಬಲಿಯಬೇಕು ಎಂಬುದು ಅದರ ಸಾರ. ಕೃಷ್ಣಗಿರಿ ಜಿಲ್ಲೆಯ ಶಾಂತಿಭವನದ ವಸತಿಶಾಲೆಯನ್ನೂ ಘಾನಾದ ಅಶೇಸಿಯನ್ನೂ ಅವರು ಆದರದಿಂದ ವರ್ಣಿಸಿದ್ದಾರೆ; ಆ ಪುಟಗಳು ಓದಲು ಹಿತವಾಗಿವೆ. ಆದರೆ ವರ್ಷವರ್ಷ ಕೆಲವೇ ಮಕ್ಕಳನ್ನು ಆಯ್ದುಕೊಂಡು ಸಾಕುವ ಸಂಸ್ಥೆಯಿಂದ, ಯಾರನ್ನೂ ಆಯ್ದುಕೊಳ್ಳುವ ಹಕ್ಕಿಲ್ಲದ ಸರ್ಕಾರಿ ಶಾಲೆಗೆ ಏನನ್ನು ತೆಗೆದುಕೊಳ್ಳಬಹುದೆಂಬುದು ತಿಳಿಯುವುದಿಲ್ಲ. ಶೀಲವರ್ಧನೆಯ ಈ ಬೋಧೆ ಬಲ್ಲಿದರಿಗೂ ಅನ್ವಯಿಸುತ್ತದೆಂದು ಗ್ರಂಥಕರ್ತರು ಸ್ಪಷ್ಟಪಡಿಸಿರುವುದು ಅವರ ನ್ಯಾಯಬುದ್ಧಿಗೆ ಒಪ್ಪುವ ಮಾತು. ಆದರೂ ಯೋಜನೆಯೊಂದು ಮುರಿದುಬಿದ್ದಾಗ ‘ಜನರಲ್ಲಿ ಸಾಮರ್ಥ್ಯ ಸಾಲದು’ ಎಂದು ಷರಾ ಬರೆದು ಕಡತ ಮುಚ್ಚುವ ಅಧಿಕಾರಿಗೆ ಈ ಸಿದ್ಧಾಂತ ಬಹಳ ಸುಲಭವಾಗಿ ಒದಗುತ್ತದೆ. ಹೆಂಗಸರಿಗೆ ಅರ್ಥವಾಗದಿದ್ದಾಗ ಚಿತ್ರವನ್ನು ತಿದ್ದಿದ ಮೇಧಿ ಅವರ ಮಾರ್ಗವೇ ನಮಗೆ ಮೇಲೆನಿಸುತ್ತದೆ. ಆ ಮಾರ್ಗವೂ ಟೊಯಾಮಾ ಅವರು ಕಟ್ಟಿದ ಸಂಶೋಧನಾಲಯದಿಂದಲೇ ಬಂದುದು.

ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಕೈಬರಹದ ಹಳೆಯ ಪಹಣಿ ಪುಸ್ತಕಗಳು ಉಳಿದಿರುವ ಕಡೆ, ಒಂದು ಹಳ್ಳಿಯನ್ನು ಆರಿಸಿಕೊಂಡು, ಗಣಕಕ್ಕೆ ಏರಿಸುವ ಮುಂಚಿನ ಹತ್ತು ವರ್ಷಗಳ ನಮೂದುಗಳನ್ನೂ ಅನಂತರದ ಹತ್ತು ವರ್ಷಗಳ ಮುದ್ರಿತ ಪ್ರತಿಗಳನ್ನೂ ಸರ್ವೆ ನಂಬರಿನ ಕ್ರಮದಲ್ಲಿ ಎದುರುಬದುರಾಗಿ ಇಟ್ಟು ನೋಡಬೇಕು. ಅಂಚಿನಲ್ಲಿ ಲೆಕ್ಕಿಗರು ಬರೆದಿಟ್ಟ ಟಿಪ್ಪಣಿಗಳು, ಗೇಣಿಯ ಅಂಕಣ, ಜಂಟಿ ಖಾತೆಯ ಹೆಸರುಗಳು, ವಿಧವೆಯರ ಹೆಸರುಗಳು ಇವುಗಳಲ್ಲಿ ಯಾವುವು ಈ ಕಡೆಗೆ ದಾಟಿ ಬಂದುವು, ಯಾವುವು ಬರಲಿಲ್ಲ ಎಂದು ಪಟ್ಟಿಮಾಡಿ, ಆ ಬಳಿಕ ಹಳ್ಳಿಗೆ ಹೋಗಿ ಹಿರಿಯರನ್ನು ವಿಚಾರಿಸಬೇಕು. ಪುಸ್ತಕಗಳಿಗೆ ಗೆದ್ದಲು ಹತ್ತುವ ಮೊದಲೇ ಇದನ್ನು ಆರಂಭಿಸುವುದು ಒಳ್ಳೆಯದು.